ಟ್ರೇಲರ್ ಮೇಲೆ ನಿಂತ ದೋಣಿಯ ತಳ ಸೊಟ್ಟಗಾಗುವುದೇಕೆ? ಬಿಸಿನೀರು ಸುರಿದರೆ ಸರಿಹೋಗುತ್ತದೆಯೇ?

ಕುರೆಕುಪ್ಪದ ಓದುಗರೊಬ್ಬರು ನಮಗೆ ಒಂದು ವಿಡಿಯೋ ಕಳಿಸಿ ಪ್ರಶ್ನೆ ಕೇಳಿದ್ದರು. ವಿಡಿಯೋದಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ದೋಣಿಯ ತಳ ಒಳಕ್ಕೆ ತಗ್ಗಿರುತ್ತದೆ. ಅದರ ಮೇಲೆ ಕುದಿಯುವ ನೀರು ಸುರಿದು ಒಳಗಿನಿಂದ ಒತ್ತಿದಾಗ ತಗ್ಗು ಮಾಯವಾಗುತ್ತದೆ. "ಯಾವ ದೋಣಿಯಾದರೂ ಇಷ್ಟೇ, ಮೆಕ್ಯಾನಿಕ್‌ಗೆ ದುಡ್ಡು ಸುರಿಯಬೇಡಿ, ಎಲ್ಲರಿಗೂ ಶೇರ್ ಮಾಡಿ" ಎಂಬುದು ಜೊತೆಗಿದ್ದ ಸಂದೇಶ. ಓದುಗರ ಪ್ರಶ್ನೆ ಸರಳವಾಗಿತ್ತು: ಫೈಬರ್ ದೋಣಿಗೂ ಹೀಗೆ ಮಾಡಬಹುದೇ?

ಕುರೆಕುಪ್ಪದಲ್ಲಿ ಸಮುದ್ರವಿಲ್ಲ, ದೊಡ್ಡ ನದಿಯೂ ಇಲ್ಲ. ಹಾಗಿದ್ದರೂ ಈ ಪ್ರಶ್ನೆ ನಮ್ಮ ಕಡೆಯವರಿಗೆ ದೂರದ್ದಲ್ಲ. ಸ್ವಲ್ಪ ಪಶ್ಚಿಮಕ್ಕೆ ಹೋದರೆ ತುಂಗಭದ್ರಾ ಜಲಾಶಯವಿದೆ. ಹಂಪಿ, ಆನೆಗೊಂದಿ, ಕಂಪ್ಲಿ ಇರುವುದೇ ಹೊಳೆಯ ದಂಡೆಯಲ್ಲಿ. 2019ರ ಆಗಸ್ಟ್‌ನಲ್ಲಿ ಜಲಾಶಯದಿಂದ ಭಾರಿ ಪ್ರಮಾಣದ ನೀರು ಬಿಟ್ಟಾಗ ವಿರೂಪಾಪುರ ಗಡ್ಡೆ ಸುತ್ತಲೂ ನೀರಾವರಿಸಿ, ಅಲ್ಲಿ ಸಿಕ್ಕಿಕೊಂಡಿದ್ದ ನೂರಾರು ಪ್ರವಾಸಿಗರನ್ನು ಬೋಟ್ ಮತ್ತು ಹೆಲಿಕಾಪ್ಟರ್ ಬಳಸಿ ಹೊರತರಬೇಕಾಯಿತು. ಅಂಥ ದಿನ ಬಳಕೆಗೆ ಬರುವ ಬೋಟ್‌ಗಳು ಉಳಿದ ತಿಂಗಳುಗಳನ್ನು ಶೆಡ್‌ನಲ್ಲೋ ಟ್ರೇಲರ್ ಮೇಲೋ ಕಳೆಯುತ್ತವೆ. ನೀರಿಗಿಳಿಯುವ ದಿನ ಅವು ನೆಟ್ಟಗಿರುತ್ತವೆಯೇ ಎಂಬುದು ಒಣಗಿದ ಜಾಗದಲ್ಲಿ ಅವುಗಳನ್ನು ಹೇಗೆ ನಿಲ್ಲಿಸಿದ್ದೇವೆ ಎಂಬುದರ ಮೇಲೆ ನಿಂತಿದೆ.

ಮೊದಲಿಗೆ ಚುಟುಕು ಉತ್ತರ

ಆ ಸಂದೇಶ ಅರ್ಧ ಸತ್ಯ. ಅಚ್ಚಿನಲ್ಲಿ ತಯಾರಾದ ಪಾಲಿಥಿಲೀನ್ ದೋಣಿಗೆ ಬಿಸಿನೀರಿನ ಉಪಾಯ ಒಂದು ಮಟ್ಟಕ್ಕೆ ಕೆಲಸ ಮಾಡುತ್ತದೆ. ಗಾಜಿನ ಎಳೆ ಮತ್ತು ರಾಳದಿಂದ ಮಾಡಿದ ಫೈಬರ್ ದೋಣಿಗೆ ಅದು ಪರಿಹಾರವಲ್ಲ, ಕೆಲವೊಮ್ಮೆ ಹಾನಿಯೂ ಆಗಬಹುದು. ಎರಡೂ ಬಗೆಯ ದೋಣಿಗೆ ಅನ್ವಯಿಸುವ ಮಾತು ಒಂದೇ: ತಗ್ಗಿಗೆ ಕಾರಣವಾದ ಆಧಾರವನ್ನು ಸರಿಪಡಿಸದಿದ್ದರೆ ತಗ್ಗು ಮತ್ತೆ ಬರುತ್ತದೆ.

"ಅಷ್ಟು ಜನರನ್ನು ಹೊರುವ ದೋಣಿಗೆ ನೆಲದ ಮೇಲೆ ಏನಾಗುತ್ತೆ?"

ಇದು ಹಲವರ ನಂಬಿಕೆ. ನೀರಿನಲ್ಲಿ ಹತ್ತು ಜನರನ್ನು ಹೊತ್ತು ಸಾಗುವ ದೋಣಿ, ಖಾಲಿಯಾಗಿ ಟ್ರೇಲರ್ ಮೇಲೆ ಕುಳಿತಾಗ ಸೊಟ್ಟಗಾಗುವುದಾದರೂ ಹೇಗೆ? ಉತ್ತರ ಇರುವುದು ಭಾರದಲ್ಲಲ್ಲ, ಆ ಭಾರ ಎಷ್ಟು ಜಾಗದ ಮೇಲೆ ಹಂಚಿಕೆಯಾಗಿದೆ ಎಂಬುದರಲ್ಲಿ.

ಒಂದು ಲೆಕ್ಕ ನೋಡೋಣ. 500 ಕಿಲೋ ತೂಕದ ದೋಣಿಯೊಂದು ತೇಲುವಾಗ ಅದರ ತಳದ 4 ಚದರ ಮೀಟರ್ ಭಾಗ ನೀರಿಗೆ ತಾಗಿದೆ ಎಂದಿಟ್ಟುಕೊಳ್ಳಿ. ಅಂದರೆ 40,000 ಚದರ ಸೆಂಟಿಮೀಟರ್. ಪ್ರತಿ ಚದರ ಸೆಂಟಿಮೀಟರ್‌ಗೆ ಸರಾಸರಿ ಬೀಳುವ ಒತ್ತಡ ಕೇವಲ 12.5 ಗ್ರಾಂ. ನೀರು ಯಾವುದೋ ಒಂದು ಕಡೆ ಒತ್ತುವುದಿಲ್ಲ, ದೋಣಿಯ ಆಕಾರಕ್ಕೆ ತಕ್ಕಂತೆ ಎಲ್ಲ ಕಡೆಯಿಂದ ಹಿಡಿದುಕೊಳ್ಳುತ್ತದೆ.

ಈಗ ಅದೇ ದೋಣಿಯನ್ನು 10 ಸೆಂ.ಮೀ. ಉದ್ದಗಲದ ನಾಲ್ಕು ಪ್ಯಾಡ್‌ಗಳ ಮೇಲೆ ಇಡಿ. ಒಟ್ಟು ತಾಗುವ ಜಾಗ 400 ಚದರ ಸೆಂಟಿಮೀಟರ್. ಪ್ರತಿ ಚದರ ಸೆಂಟಿಮೀಟರ್‌ಗೆ 1,250 ಗ್ರಾಂ. ದೋಣಿಯ ತೂಕ ಒಂದು ಗ್ರಾಂ ಕೂಡ ಹೆಚ್ಚಿಲ್ಲ, ಆದರೆ ಒತ್ತಡ ನೂರು ಪಟ್ಟು ಹೆಚ್ಚಾಯಿತು. ರಬ್ಬರ್ ರೋಲರ್‌ಗಳಾದರೆ ತಾಗುವ ಜಾಗ ಇನ್ನೂ ಕಡಿಮೆ. ಹಂಪ್ ಮತ್ತು ಗುಂಡಿಗಳಲ್ಲಿ ಟ್ರೇಲರ್ ಕುಪ್ಪಳಿಸಿದಾಗ ಆ ಕ್ಷಣದ ಪೆಟ್ಟು ನಿಂತ ಭಾರಕ್ಕಿಂತ ಎಷ್ಟೋ ಜಾಸ್ತಿ.

ದೋಣಿ ಕಟ್ಟುವವರು ತಳವನ್ನು ನೀರಿನ ಒತ್ತಡಕ್ಕೆಂದು ರೂಪಿಸಿರುತ್ತಾರೆ. ನಾಲ್ಕು ಮೂಲೆಯ ಚುಚ್ಚುವ ಭಾರಕ್ಕೆ ಅಲ್ಲ.

ನಮ್ಮ ಹೆದ್ದಾರಿಯಲ್ಲೇ ಪಾಠವಿದೆ

ಇದನ್ನು ಅರ್ಥ ಮಾಡಿಕೊಳ್ಳಲು ದೋಣಿಯನ್ನೇ ನೋಡಬೇಕಿಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಹೊಸಪೇಟೆ–ಬಳ್ಳಾರಿ ಹೆದ್ದಾರಿಗೆ ಬರುವ ಟ್ರೇಲರ್‌ಗಳನ್ನು ಗಮನಿಸಿ. ಉಕ್ಕಿನ ತಗಡಿನ ದೊಡ್ಡ ಸುರುಳಿಯನ್ನು ಬರಿಯ ಸಮತಟ್ಟು ಹಾಸಿನ ಮೇಲೆ ಇಡುವುದಿಲ್ಲ. ಸುರುಳಿಯ ದುಂಡಗಿನ ಹೊಟ್ಟೆಗೆ ಎರಡೂ ಕಡೆಯಿಂದ ಒತ್ತಾಸೆ ಸಿಗುವಂತೆ ತೊಟ್ಟಿಲಿನಂಥ ಚೌಕಟ್ಟು ಅಥವಾ ಮರದ ತುಂಡುಗಳಿರುತ್ತವೆ. ಸುರುಳಿ ಉರುಳದಿರಲಿ ಎಂಬುದು ಒಂದು ಕಾರಣ. ಸಡಿಲವಾಗಿ ಸುತ್ತಿದ ಸುರುಳಿ ತನ್ನದೇ ಭಾರಕ್ಕೆ ಕುಸಿದು ಮೊಟ್ಟೆಯಾಕಾರಕ್ಕೆ ತಿರುಗುವುದೂ ಉಂಟು. ಉಕ್ಕಿಗೇ ಹೀಗಾಗುವುದಾದರೆ ಕೆಲವು ಮಿಲಿಮೀಟರ್ ದಪ್ಪದ ಫೈಬರ್ ಯಾವ ಲೆಕ್ಕ?

ಇನ್ನೂ ಹತ್ತಿರದ ಉದಾಹರಣೆ ಗಾಳಿಯಂತ್ರದ ರೆಕ್ಕೆ. ಗದಗ, ಕೊಪ್ಪಳ, ಚಿತ್ರದುರ್ಗದ ಕಡೆ ಹೋಗುವ ಆ ಉದ್ದನೆಯ ರೆಕ್ಕೆಗಳು ದೋಣಿಯ ದೂರದ ನೆಂಟರು. ಎರಡನ್ನೂ ಗಾಜಿನ ಎಳೆಯ ಬಟ್ಟೆಗೆ ರಾಳ ತುಂಬಿಸಿ ಮಾಡುತ್ತಾರೆ, ಹಲವು ಕಡೆ ನಡುವೆ ಹಗುರ ಮರ ಅಥವಾ ಗಟ್ಟಿ ನೊರೆಯ ಪದರವಿರುತ್ತದೆ. ರೆಕ್ಕೆಯನ್ನು ಟ್ರೇಲರ್ ಮೇಲೆ ಎಲ್ಲಿ ಬೇಕೆಂದರಲ್ಲಿ ಹಿಡಿದು ಕಟ್ಟುವುದಿಲ್ಲ. ತಯಾರಕರು ಗೊತ್ತುಮಾಡಿದ ಜಾಗದಲ್ಲಿ, ರೆಕ್ಕೆಯ ಮೈಗೆ ಹೊಂದುವ ಮೆತ್ತೆಯ ಚೌಕಟ್ಟಿನಲ್ಲಿ ಅದು ಕೂರುತ್ತದೆ. ದೋಣಿಗೂ ಬೇಕಿರುವುದು ಇದೇ ಶಿಸ್ತು.

ಹರಿಗೋಲು ಬೋರಲು ಮಲಗುವುದು ಸುಮ್ಮನಲ್ಲ

ಹಂಪಿ–ಆನೆಗೊಂದಿಯ ದಂಡೆಯಲ್ಲಿ ಕೆಲಸ ಮುಗಿಸಿದ ಹರಿಗೋಲುಗಳನ್ನು ಬೋರಲು ಹಾಕಿರುವುದನ್ನು ಹಂಪಿಗೆ ಹೋದವರೆಲ್ಲ ನೋಡಿರುತ್ತಾರೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೂಡ ಇಲ್ಲಿಯ ದುಂಡನೆಯ ದೋಣಿಗಳ ಬಗ್ಗೆ ಬರೆದಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ, ಹದಿನೈದು ಇಪ್ಪತ್ತು ಜನ ಕೂರಬಹುದು ಎಂಬುದು ಅವನ ವಿವರಣೆಯ ಸಾರ. ಇಂದು ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿದೆ.

ಬೋರಲು ಹಾಕಿದ ಹರಿಗೋಲಿನ ಭಾರ ಬೀಳುವುದು ಅದರ ಅತಿ ಗಟ್ಟಿ ಭಾಗವಾದ ಅಂಚಿನ ಬಳೆಯ ಮೇಲೆ. ತಳಕ್ಕೆ ಏನೂ ಒತ್ತುವುದಿಲ್ಲ, ಮಳೆನೀರು ನಿಲ್ಲುವುದಿಲ್ಲ, ಬಿದಿರು ಒಣಗುತ್ತದೆ. ಗಟ್ಟಿ ಭಾಗದ ಮೇಲೆ ಭಾರ ಹಾಕು, ತೆಳು ಭಾಗವನ್ನು ಬಿಡು, ನೀರು ನಿಲ್ಲಲು ಬಿಡಬೇಡ. ಇಡೀ ಲೇಖನದ ತಿರುಳು ಈ ಮೂರು ಮಾತಿನಲ್ಲಿದೆ.

ಒಲಿಂಪಿಕ್ಸ್‌ನಲ್ಲಿ ಬಳಕೆಯಾಗುವ ಲೇಸರ್ ಎಂಬ ಒಬ್ಬರು ಓಡಿಸುವ ಹಾಯಿದೋಣಿಯದೂ ಇದೇ ಕಥೆ. ಹೈದರಾಬಾದ್‌ನ ಹುಸೇನ್ ಸಾಗರದಲ್ಲಿ ಇದರ ಸ್ಪರ್ಧೆಗಳು ನಡೆಯುತ್ತವೆ. ಅದರ ಕೈಗಾಡಿಯನ್ನು ಸಾಮಾನ್ಯವಾಗಿ ದೋಣಿಯ ಮೇಲಂಚನ್ನು ಹಿಡಿದುಕೊಳ್ಳುವಂತೆ ಮಾಡಿರುತ್ತಾರೆ. ತಳವನ್ನು ಕಿರಿದಾದ ಕಂಬಿಯ ಮೇಲೆ ಬಹುಕಾಲ ಇಟ್ಟರೆ ಅಲ್ಲಿ ತಗ್ಗು ಬೀಳುತ್ತದೆ.

ತಕ್ಷಣ ಏನೂ ಕಾಣುವುದಿಲ್ಲ, ಅದೇ ಸಮಸ್ಯೆ

ಟ್ರೇಲರ್ ಮೇಲಿಟ್ಟ ಮರುದಿನವೇ ದೋಣಿ ಸೊಟ್ಟಗಾದರೆ ಯಾರಾದರೂ ಎಚ್ಚೆತ್ತುಕೊಳ್ಳುತ್ತಿದ್ದರು. ಆದರೆ ಇದು ತಿಂಗಳುಗಟ್ಟಲೆ ನಡೆಯುವ ಕ್ರಿಯೆ. ಅಟ್ಟದ ಹಲಗೆಯ ಮೇಲೆ ಭಾರದ ಟ್ರಂಕ್ ಇಟ್ಟು ವರ್ಷಗಳ ಮೇಲೆ ನೋಡಿದರೆ ಹಲಗೆ ಬಾಗಿರುತ್ತದೆ, ಟ್ರಂಕ್ ತೆಗೆದರೂ ಪೂರ್ತಿ ನೆಟ್ಟಗಾಗುವುದಿಲ್ಲ. ವಸ್ತುವಿಜ್ಞಾನದಲ್ಲಿ ಇದಕ್ಕೆ ಕ್ರೀಪ್ ಎನ್ನುತ್ತಾರೆ. ಒಂದೇ ಸಮನೆ ಭಾರ ಹೊತ್ತ ವಸ್ತು ನಿಧಾನಕ್ಕೆ, ಸದ್ದಿಲ್ಲದೆ ಆಕಾರ ಬದಲಿಸುವುದು ಎಂದರ್ಥ. ಫೈಬರ್‌ನಲ್ಲಿ ಗಾಜಿನ ಎಳೆ ಗಟ್ಟಿಯಾಗಿಯೇ ಇರುತ್ತದೆ, ನಡುವಿನ ರಾಳ ಜಾರುತ್ತದೆ.

ಶಾಖ ಇದನ್ನು ಚುರುಕುಗೊಳಿಸುತ್ತದೆ. ಬೇಸಿಗೆಯಲ್ಲಿ ಬಳ್ಳಾರಿಯ ತಾಪಮಾನ 40 ಡಿಗ್ರಿ ದಾಟುವುದು ಹೊಸದಲ್ಲ. ಬಿಸಿಲಿಗೆ ಬಿದ್ದ ಗಾಢ ಬಣ್ಣದ ಮೈ ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ, 60 ಡಿಗ್ರಿ ಮೀರುವುದೂ ಇದೆ. ಅಗ್ಗದ ಪಾಲಿಯೆಸ್ಟರ್ ರಾಳ ಬಿಗಿ ಕಳೆದುಕೊಳ್ಳಲು ಶುರುವಾಗುವುದು ಸುಮಾರು ಇದೇ ಮಟ್ಟದಲ್ಲಿ. ಹಾಗಾಗಿ ತಂಪು ದೇಶದ ಸಲಹೆಗಿಂತ ನಮ್ಮಲ್ಲಿ ಹೆಚ್ಚು ಎಚ್ಚರ ಬೇಕು.

ಇನ್ನೊಬ್ಬ ಕಳ್ಳ ಮಳೆನೀರು. 3 ಮೀಟರ್ ಉದ್ದ, 1 ಮೀಟರ್ ಅಗಲದ ಜಾಗದಲ್ಲಿ 10 ಸೆಂ.ಮೀ. ನೀರು ನಿಂತರೆ 300 ಲೀಟರ್, ಅಂದರೆ 300 ಕಿಲೋ ಹೆಚ್ಚುವರಿ ಭಾರ. ದೋಣಿಯ ತೂಕಕ್ಕೆ ಅರ್ಧಕ್ಕಿಂತ ಹೆಚ್ಚು ಸೇರಿದಂತಾಯಿತು, ಅದೂ ಅದೇ ನಾಲ್ಕು ಪ್ಯಾಡ್‌ಗಳ ಮೇಲೆ.

ಸ್ವಲ್ಪ ಸೊಟ್ಟಗಾದರೆ ಏನಾಯಿತು?

ಇದು ಬರೀ ಅಂದದ ವಿಷಯವಲ್ಲ. ಎಂಜಿನ್ ಹಾಕಿದ ವೇಗದ ಬೋಟ್‌ಗಳಲ್ಲಿ ತಳದ ಹಿಂಭಾಗ ನೆಟ್ಟಗಿರಬೇಕು. ಎಂಜಿನ್ ತೂಗುವುದು ಹಿಂಬದಿಯ ಹಲಗೆಯಲ್ಲಿ. ಟ್ರೇಲರ್‌ನ ಪಟ್ಟಿಗಳು ಹಿಂಬದಿಗೆ ಮೊದಲೇ ಮುಗಿದುಹೋದರೆ ಆ ಭಾಗ ಆಸರೆಯಿಲ್ಲದೆ ಜೋಲುತ್ತದೆ, ಪಟ್ಟಿಯ ತುದಿ ತಳವನ್ನು ಒಳಕ್ಕೆ ಒತ್ತುತ್ತದೆ. ಹೀಗೆ ತಳದ ಹಿಂಭಾಗ ಒಳಬಾಗಿದರೆ ನೀರು ಹಿಂಬದಿಯನ್ನು ಮೇಲೆತ್ತಿ ಮೂತಿಯನ್ನು ಕೆಳಕ್ಕೆ ಅದುಮುತ್ತದೆ. ವೇಗ ಕುಂದುತ್ತದೆ, ತಿರುವಿನಲ್ಲಿ ಹತೋಟಿ ಕೈಕೊಡುತ್ತದೆ. ಹೊರಕ್ಕೆ ಉಬ್ಬಿದರೆ ಮೂತಿ ಮೇಲೆ ಕೆಳಗೆ ಕುಣಿಯಲು ಶುರುವಾಗುತ್ತದೆ.

ಹಾಯಿದೋಣಿಯಲ್ಲಿ ತೊಂದರೆ ಬೇರೆ ಬಗೆಯದು. ತಗ್ಗಿನಿಂದ ನೀರಿನ ಎಳೆತ ಹೆಚ್ಚುತ್ತದೆ. ನಡುವೆ ಇಳಿಬಿಡುವ ಹಲಗೆಯ ಸೀಳು ಬಾಗಿ ಹಲಗೆ ಸಿಕ್ಕಿಕೊಳ್ಳಬಹುದು. ದೋಣಿಯ ಮೈ ಬಾಗಿದರೆ ಹಾಯಿಕಂಬ ಹಿಡಿದಿರುವ ತಂತಿಗಳ ಬಿಗಿತವೂ ತಪ್ಪುತ್ತದೆ.

ಎಲ್ಲಕ್ಕಿಂತ ಅಪಾಯ ಒಳಗೆ ಕಾಣದ ಹಾನಿ. ಪದರಗಳು ಒಂದರಿಂದೊಂದು ಬಿಟ್ಟುಕೊಂಡಿದ್ದರೆ, ಒಳಗಿನ ಅಡ್ಡಗೋಡೆ ತಳದಿಂದ ಕಿತ್ತಿದ್ದರೆ, ಹೊರಗಿನ ಬಣ್ಣ ಚೆನ್ನಾಗಿದ್ದರೂ ತುಂಬಿದ ಹೊಳೆಯಲ್ಲಿ ಅದು ಬಿರಿಯಬಹುದು.

ಪರೀಕ್ಷೆ ಮಾಡುವುದು ಹೇಗೆ?

ಇದಕ್ಕೆ ದುಬಾರಿ ಉಪಕರಣ ಬೇಡ. ಗಾರೆ ಕೆಲಸದವರ ನೆಟ್ಟನೆಯ ಅಲ್ಯೂಮಿನಿಯಂ ಪಟ್ಟಿ ಅಥವಾ ಬಿಗಿಯಾಗಿ ಹಿಡಿದ ದಾರ ಸಾಕು. ತಳದ ಹಿಂಭಾಗದಲ್ಲಿ ಉದ್ದಕ್ಕೆ ಇಟ್ಟು ನಡುವೆ ಬೆಳಕು ಕಾಣುತ್ತದೆಯೇ ನೋಡಿ. ಎಡಭಾಗದಲ್ಲಿ ಅಳೆದ ಜಾಗವನ್ನೇ ಬಲಭಾಗದಲ್ಲೂ ಅಳೆಯಿರಿ. ಎರಡೂ ಕಡೆ ಒಂದೇ ರೀತಿ ಇದ್ದರೆ ಅದು ದೋಣಿಯ ಮೂಲ ಆಕಾರವೇ ಇರಬಹುದು. ಒಂದೇ ಕಡೆ, ಅದೂ ಪ್ಯಾಡ್ ಇದ್ದ ಜಾಗದಲ್ಲೇ ತಗ್ಗಿದ್ದರೆ ಕಾರಣ ಟ್ರೇಲರ್.

ಆಮೇಲೆ ನಾಣ್ಯದಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಫೈಬರ್ ಕಣ್ ಎಂದು ಸ್ಪಷ್ಟ ಸದ್ದು ಮಾಡುತ್ತದೆ. ಪದರ ಬಿಟ್ಟ ಜಾಗದಲ್ಲಿ ಸದ್ದು ಮಂದವಾಗುತ್ತದೆ. ಜೇಡರ ಬಲೆಯಂಥ ಸಣ್ಣ ಬಿರುಕುಗಳು, ಒಳಗಿನ ಗೋಡೆಯ ಬುಡದಲ್ಲಿ ಬಿಳಿ ಗೆರೆ, ಒಣಗಿದ ಮೇಲೂ ಜಿನುಗುವ ತೇವ, ಇವು ಅಪಾಯದ ಗುರುತುಗಳು. ಇವುಗಳಲ್ಲಿ ಒಂದು ಕಂಡರೂ ಜನರನ್ನು ಕೂರಿಸುವ ಮೊದಲು ಫೈಬರ್ ಕೆಲಸ ತಿಳಿದವರಿಗೆ ತೋರಿಸಲೇಬೇಕು.

ತಡೆಯುವುದು ಹೇಗೆ?

ಮೊದಲ ನಿಯಮ: ಭಾರ ಹೊರಬೇಕಾದ್ದು ದೋಣಿಯ ಬೆನ್ನುಮೂಳೆ, ಪಕ್ಕೆಯಲ್ಲ. ತಳದ ನಡುವೆ ಉದ್ದಕ್ಕೆ ಸಾಗುವ ಕೀಲ್ ಎಂಬ ದಿಂಡು ಟ್ರೇಲರ್ ಮೇಲೆ ಕೂರಬೇಕು. ಪಕ್ಕದ ಆಧಾರಗಳು ದೋಣಿ ವಾಲದಂತೆ ತಡೆಯಲು ಮಾತ್ರ. ಕಬ್ಬಿಣ ಅಥವಾ ಸೀಸದ ಕೀಲ್ ಇರುವ ಹಲವು ಹಾಯಿದೋಣಿಗಳಲ್ಲಿ ಒಟ್ಟು ತೂಕದ ಮೂರನೇ ಒಂದು ಪಾಲು ಅಲ್ಲೇ ಇರುತ್ತದೆ. ಪಕ್ಕದ ಪ್ಯಾಡ್‌ಗಳನ್ನು ಅತಿಯಾಗಿ ಮೇಲೆತ್ತಿದರೆ ಆ ಭಾರವೆಲ್ಲ ಗಾಳಿಯಲ್ಲಿ ತೂಗಿ, ಪ್ಯಾಡ್‌ಗಳು ತಳವನ್ನು ಚುಚ್ಚುತ್ತವೆ.

ಎರಡನೆಯದು, ಒಳಗೆ ಗೋಡೆ ಅಥವಾ ಪಕ್ಕೆಲುಬು ಇರುವ ಜಾಗದ ಕೆಳಗೇ ಆಧಾರ ಕೊಡಬೇಕು. ಖಾಲಿ ಜಾಗದ ಕೆಳಗೆ ಕೊಟ್ಟರೆ ತಗಡಿನ ಡಬ್ಬಿಯ ನಡುವೆ ಹೆಬ್ಬೆಟ್ಟು ಒತ್ತಿದ ಹಾಗೆ.

ಮೂರನೆಯದು, ಸಣ್ಣ ಪ್ಯಾಡ್‌ಗಿಂತ ಉದ್ದನೆಯ ಮರದ ಪಟ್ಟಿ ಒಳ್ಳೆಯದು. ಮ್ಯಾಟ್ ಹೊದಿಸಿದ ಈ ಪಟ್ಟಿಗಳು ದೋಣಿಯ ಹಿಂಬದಿ ಹಲಗೆಯವರೆಗೂ ಬರಬೇಕು. ಎಂಜಿನ್ ಅಲ್ಲೇ ಇದ್ದರೆ ಇದರಲ್ಲಿ ರಾಜಿ ಬೇಡ. ಬಹುಕಾಲ ನಿಲ್ಲಿಸುವುದಾದರೆ ಎಂಜಿನ್ ಬಿಚ್ಚಿಡಿ, ಇಂಧನ ಮತ್ತು ನೀರಿನ ಟ್ಯಾಂಕ್ ಖಾಲಿ ಮಾಡಿ.

ನಾಲ್ಕನೆಯದು, ಮೂತಿಯನ್ನು ಸ್ವಲ್ಪ ಎತ್ತರಿಸಿ, ಹಿಂದಿನ ಬಿರಡೆ ತೆಗೆದಿಡಿ. ಮಳೆನೀರು ತಾನಾಗಿ ಹರಿದುಹೋಗುತ್ತದೆ. ಟಾರ್ಪಾಲಿನ್ ಹಾಕುವಾಗ ನಡುವೆ ಕೋಲು ಕೊಟ್ಟು ಇಳಿಜಾರು ಮಾಡಿ, ಇಲ್ಲದಿದ್ದರೆ ಟಾರ್ಪಾಲಿನ್ನೇ ನೀರಿನ ತೊಟ್ಟಿಯಾಗುತ್ತದೆ. ನೆರಳು ಸಿಕ್ಕರೆ ಇನ್ನೂ ಒಳ್ಳೆಯದು.

ಕೊನೆಯದು ಬೆಲ್ಟ್. ಲೋಡ್ ಕಟ್ಟುವ ಬೆಲ್ಟನ್ನು ರ‍್ಯಾಚೆಟ್‌ನಿಂದ ಎಳೆದಷ್ಟೂ ಭದ್ರ ಎಂಬುದು ತಪ್ಪು ತಿಳಿವಳಿಕೆ. ಅತಿ ಬಿಗಿ ಬೆಲ್ಟ್ ಮೇಲಂಚನ್ನು ಹಿಚುಕಿ, ತಳವನ್ನು ಪ್ಯಾಡ್‌ಗಳಿಗೆ ಒತ್ತುತ್ತದೆ. ಗಟ್ಟಿ ಜಾಗದ ಮೇಲೆ ಮೆತ್ತೆಯಿಟ್ಟು ಅಲುಗಾಡದಷ್ಟು ಬಿಗಿ ಮಾಡಿ. ಊರು ಮುಟ್ಟಿದ ಮೇಲೆ ಸಡಿಲಿಸಿ.

ಕರಾವಳಿಯಲ್ಲಿ ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಆ ಬಿಡುವಿನಲ್ಲಿ ದೋಣಿಗಳನ್ನು ದಡಕ್ಕೇರಿಸಿ ತಳ ನೋಡುವ ಪದ್ಧತಿಯಿದೆ. ಒಳನಾಡಿನಲ್ಲಿ ನಮಗೆ ಅಂಥ ಕ್ಯಾಲೆಂಡರ್ ಇಲ್ಲ. ಮಳೆಗಾಲಕ್ಕೆ ಮೊದಲು, ಮೇ ತಿಂಗಳಲ್ಲಿ ಒಮ್ಮೆ ನೋಡುವ ರೂಢಿ ಮಾಡಿಕೊಂಡರೆ ಸಾಕು.

ಸೊಟ್ಟಗಾಗಿಬಿಟ್ಟಿದ್ದರೆ?

ಹಲವರು ಮೊದಲು ಮಾಡುವುದು ಪುಟ್ಟಿ ತುಂಬಿ ಬಣ್ಣ ಹೊಡೆಯುವುದು. ಅದು ಮಾಡಬೇಕಾದ ಕೆಲಸಗಳಲ್ಲಿ ಕೊನೆಯದು. ಮೊದಲನೆಯದು ಭಾರ ಇಳಿಸುವುದು. ಒಳಗಿನ ಸಾಮಾನು, ನೀರು, ಎಂಜಿನ್ ತೆಗೆದು, ಅಗಲದ ಬೆಲ್ಟ್‌ಗಳಿಂದ ಗಟ್ಟಿ ಜಾಗದಲ್ಲಿ ಎತ್ತಿ, ತಗ್ಗು ಬಿದ್ದ ಭಾಗಕ್ಕೆ ಏನೂ ತಾಗದಂತೆ ಇಡಬೇಕು. ಸೋರಿಕೆ, ಬಿರುಕು ಇಲ್ಲವೆಂದು ಖಚಿತವಾದರೆ ನೀರಿನಲ್ಲೇ ತೇಲಿಬಿಡುವುದು ಇನ್ನೂ ಉತ್ತಮ, ನೀರಿಗಿಂತ ಸಮನಾದ ಆಧಾರ ಬೇರೆ ಇಲ್ಲ. ಜಾಕ್ ಕೊಡುವುದಾದರೆ ಅದರ ತಲೆಯ ಮೇಲೆ ಅಗಲದ ಹಲಗೆ ಇರಲೇಬೇಕು. ಜಾಕ್ ಮೇಲಿರುವ ದೋಣಿಯ ಕೆಳಗೆ ಯಾರೂ ನುಸುಳಬಾರದು.

ಭಾರ ತೆಗೆದ ಕೂಡಲೇ ತಗ್ಗು ಸ್ವಲ್ಪ ಕಡಿಮೆಯಾಗುತ್ತದೆ. ನಂತರದ ದಿನಗಳಲ್ಲಿ, ವಾರಗಳಲ್ಲಿ ಇನ್ನಷ್ಟು ಮರಳಬಹುದು. ಇಲ್ಲಿ ಹಗಲಿನ ಬೆಚ್ಚನೆಯ ಹವೆ ನೆರವಾಗುತ್ತದೆ. ಯಾವ ಶಾಖ ಭಾರವಿದ್ದಾಗ ಶತ್ರುವಾಗಿತ್ತೋ ಅದೇ ಶಾಖ ಭಾರವಿಲ್ಲದಾಗ ಮಿತ್ರ. ಸಂದೇಶದಲ್ಲಿದ್ದ ಅರ್ಧ ಸತ್ಯ ಇಷ್ಟೇ.

ಪೂರ್ತಿ ಬಿಸಿನೀರಿನ ಉಪಾಯ ಪಾಲಿಥಿಲೀನ್‌ಗೆ ಒಗ್ಗುವುದೇಕೆ? ಅದು ಮೇಣದ ಜಾತಿ. ಕಾಯಿಸಿದರೆ ಮೆತ್ತಗಾಗಿ, ಆರಿದರೆ ಮತ್ತೆ ಗಟ್ಟಿಯಾಗುತ್ತದೆ. ಫೈಬರ್‌ನ ರಾಳ ಬೇಯಿಸಿದ ಮೊಟ್ಟೆಯ ಜಾತಿ. ಒಮ್ಮೆ ಗಟ್ಟಿಯಾದ ಮೇಲೆ ಅದನ್ನು ಕರಗಿಸಿ ಹೊಸ ಆಕಾರಕ್ಕೆ ತರಲಾಗದು. ಗ್ಯಾಸ್ ಟಾರ್ಚ್ ಹಿಡಿದರೆ ಪದರ ಉಬ್ಬುತ್ತದೆ, ಸುಡುತ್ತದೆ, ವಿಷದ ಹೊಗೆ ಬರುತ್ತದೆ.

ತಗ್ಗು ಇನ್ನೂ ಉಳಿದರೆ ಒಳಗಿನಿಂದ ಮರದ ಊರೆ ಕೊಟ್ಟು ನಿಧಾನಕ್ಕೆ ಮೂಲ ಆಕಾರಕ್ಕೆ ತಂದು, ಅಲ್ಲಿ ಹೊಸ ಪಕ್ಕೆಲುಬು ಕೂರಿಸಿ ಗಾಜಿನ ಬಟ್ಟೆ ಮತ್ತು ರಾಳದಿಂದ ಬೆಸೆಯುತ್ತಾರೆ. ಹಳೆಯ ಫೈಬರ್‌ಗೆ ಅಂಟುವ ವಿಷಯದಲ್ಲಿ ಪಾಲಿಯೆಸ್ಟರ್‌ಗಿಂತ ಎಪಾಕ್ಸಿ ಉತ್ತಮ. ಪದರ ಬಿಟ್ಟ ಜಾಗವನ್ನು ಕತ್ತರಿಸಿ ಹೊಸದಾಗಿ ಕಟ್ಟಬೇಕು, ಮೇಲಿಂದ ಮುಚ್ಚಿದರೆ ಸಾಲದು. ಇದೆಲ್ಲ ಮುಗಿದ ಮೇಲೆ ಉಳಿದ ಸಣ್ಣ ಏರುತಗ್ಗಿಗೆ ಮಾತ್ರ ಪುಟ್ಟಿ.

ಒಂದು ಎಚ್ಚರಿಕೆ. ಫೈಬರ್ ಅಂಗಡಿಯಲ್ಲಿ ಪಾಲಿಯೆಸ್ಟರ್ ರಾಳದ ಜೊತೆ ಕ್ಯಾಟಲಿಸ್ಟ್ ಮತ್ತು ಕೋಬಾಲ್ಟ್ ಎಂಬ ಎರಡು ದ್ರವ ಕೊಡುತ್ತಾರೆ. ಇವೆರಡನ್ನು ನೇರವಾಗಿ ಎಂದೂ ಬೆರೆಸಬೇಡಿ, ಸ್ಫೋಟವಾಗಬಹುದು. ಮೊದಲು ಒಂದನ್ನು ರಾಳದಲ್ಲಿ ಪೂರ್ತಿ ಕಲಸಿ, ಆಮೇಲೆ ಇನ್ನೊಂದು. ಫೈಬರ್ ಉಜ್ಜುವಾಗ ಮಾಸ್ಕ್, ಕನ್ನಡಕ, ಗಾಳಿಯಾಡುವ ಜಾಗ ಕಡ್ಡಾಯ.

ದೋಣಿ ಇಲ್ಲದವರಿಗೂ ಒಂದು ಮಾತು

ಮನೆಯ ಮೇಲಿನ ಕಪ್ಪು ನೀರಿನ ಟ್ಯಾಂಕ್ ನೋಡಿ. ಅದೂ ಪಾಲಿಥಿಲೀನ್. 1,000 ಲೀಟರ್ ತುಂಬಿದರೆ ಒಂದು ಟನ್. ಎರಡು ಕಬ್ಬಿಣದ ಆಂಗಲ್ ಮೇಲೆ ಅಥವಾ ಮೂರು ಕಲ್ಲಿನ ಮೇಲೆ ಕೂರಿಸಿದರೆ ತಳ ನಡುವೆ ಜೋತು, ಅಂಚಿನಲ್ಲಿ ಬಿರುಕು ಬಿಡುತ್ತದೆ. ಇಡೀ ತಳಕ್ಕೆ ಸಮತಟ್ಟಾದ ಆಸರೆ ಕೊಡಿ ಎಂದು ತಯಾರಕರು ಹೇಳುವುದು ಇದೇ ಕಾರಣಕ್ಕೆ. ದೋಣಿಯ ಪಾಠ ಇಲ್ಲಿಗೂ ಅದೇ.

ಫಾರ್ವರ್ಡ್ ಮಾಡುವುದಾದರೆ ಇಷ್ಟನ್ನು ಮಾಡಿ

- ಬಿಸಿನೀರಿನ ಉಪಾಯ ಪಾಲಿಥಿಲೀನ್ ದೋಣಿಗೆ ಮಾತ್ರ. ಫೈಬರ್ ದೋಣಿಗೆ ಬಿಸಿನೀರು, ಬೆಂಕಿ ಎರಡೂ ಬೇಡ.
- ಭಾರ ಕೀಲ್ ಮೇಲೆ ಬೀಳಲಿ, ಪಕ್ಕದ ಪ್ಯಾಡ್‌ಗಳು ವಾಲದಂತೆ ಹಿಡಿಯಲಿ.
- ಆಧಾರ ಹಿಂಬದಿ ಹಲಗೆಯವರೆಗೂ ಇರಲಿ. ಬಿರಡೆ ತೆಗೆದು, ಮೂತಿ ಎತ್ತರಿಸಿ ನಿಲ್ಲಿಸಿ.
- ಪುಟ್ಟಿಗಿಂತ ಮೊದಲು ಭಾರ ಇಳಿಸಿ, ಟ್ರೇಲರ್ ಸರಿಮಾಡಿ.
- ತಟ್ಟಿದಾಗ ಮಂದ ಸದ್ದು, ಬಿರುಕು, ತೇವ ಕಂಡರೆ ಆ ದೋಣಿಯಲ್ಲಿ ಜನರನ್ನು ಕೂರಿಸಬೇಡಿ.

ನಿಮ್ಮೂರಿನ ಶೆಡ್‌ನಲ್ಲಿ ಟ್ರೇಲರ್ ಮೇಲೆ ನಿಂತ ಬೋಟ್ ಇದ್ದರೆ, ಮುಂದಿನ ಮಳೆಗೆ ಮೊದಲು ಅದರ ಕೆಳಗೆ ಒಮ್ಮೆ ಬಗ್ಗಿ ನೋಡಲು ಹೇಳಿ. ಹೊಳೆ ತುಂಬಿದ ದಿನ ಆ ಪರೀಕ್ಷೆಗೆ ಸಮಯ ಇರುವುದಿಲ್ಲ.